ಹಗುರವಾದ ಪಿಸ್ತೂಲೇ ಹಿತವಾದ ಪಿಸ್ತೂಲಲ್ಲ

ಅಮೆರಿಕದ ಸೇನೆ 1911ರಲ್ಲಿ ಒಪ್ಪಿಕೊಂಡ .45 ಕೋಲ್ಟ್ ಪಿಸ್ತೂಲಿನ ಗಟ್ಟಿತನದ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಗಿಡ್ಡ ಬೆರಳಿನವರಿಗೆ ಅದರ ಟ್ರಿಗರ್ ಸಲೀಸಾಗಿ ಎಟುಕುತ್ತಿರಲಿಲ್ಲ, ಅಷ್ಟೇ. ಮೊದಲ ಮಹಾಯುದ್ಧದ ಅನುಭವದ ಮೇಲೆ 1920ರ ದಶಕದಲ್ಲಿ ಟ್ರಿಗರನ್ನು ಚಿಕ್ಕದು ಮಾಡಿದರು, ಅದರ ಹಿಂದಿನ ಲೋಹವನ್ನು ಕೊರೆದು ಬೆರಳಿಗೆ ಜಾಗ ಬಿಟ್ಟರು, ಹಿಡಿಕೆಯ ಹಿಂಬದಿಗೆ ಉಬ್ಬು ಕೊಟ್ಟರು. ಒಳಗಿನ ಯಂತ್ರ ಹೆಚ್ಚುಕಡಿಮೆ ಹಾಗೇ ಉಳಿಯಿತು.

ನಾಗರಿಕರ ಮಾರುಕಟ್ಟೆ ಈ ಪಾಠವನ್ನು ನಿಧಾನವಾಗಿ ಕಲಿಯಿತು. ಗ್ಲಾಕ್ ಕಂಪನಿ ಹಿಡಿಕೆಯ ಹಿಂಬದಿಯ ಪಟ್ಟಿಯನ್ನು ಬದಲಿಸುವ ಅನುಕೂಲ ಕೊಟ್ಟದ್ದು 2010ರಲ್ಲಿ. ಬೆರಳು ಕೂರಲೆಂದು ತಾನೇ ಹಿಡಿಕೆಯ ಮುಂಬದಿಯಲ್ಲಿ ಕೊರೆದಿದ್ದ ತಗ್ಗುಗಳನ್ನು 2017ರ ಐದನೇ ಪೀಳಿಗೆಯಲ್ಲಿ ಕೈಬಿಟ್ಟಿತು. ಎಲ್ಲರ ಬೆರಳೂ ಒಂದೇ ದಪ್ಪವಿರುವುದಿಲ್ಲವಲ್ಲ! 2014ರಲ್ಲಿ ಬಂದ ಸಿಗ್ ಪಿ320 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅಮೆರಿಕದ ಕಾನೂನಿನ ಲೆಕ್ಕದಲ್ಲಿ ಈ ಪಿಸ್ತೂಲಿನಲ್ಲಿ ಬಂದೂಕು ಎಂದರೆ ಒಳಗಿನ ಟ್ರಿಗರ್ ಭಾಗ ಮಾತ್ರ. ಹಿಡಿಕೆಯ ಪ್ಲಾಸ್ಟಿಕ್ ಕವಚವನ್ನು ಬಿಡಿಭಾಗದಂತೆ ಕೊಂಡು ತಮ್ಮ ಅಳತೆಗೆ ಬದಲಿಸಿಕೊಳ್ಳಬಹುದು.

ನಮ್ಮಲ್ಲಿ ಇದೇ 2014ರಲ್ಲಿ ಕಾನ್ಪುರದಿಂದ ‘ನಿರ್ಭೀಕ್’ ಬಂತು. ಸುಮಾರು 500 ಗ್ರಾಂ ತೂಕದ .32 ರಿವಾಲ್ವರ್, ಬೆಲೆ ಲಕ್ಷ ರೂಪಾಯಿಗೂ ಮೇಲೆ. ಹೆಣ್ಣುಮಕ್ಕಳ ಕೈಚೀಲಕ್ಕೆ ಹಗುರ ಎಂಬುದೇ ಅದರ ದೊಡ್ಡ ಪ್ರಚಾರ. ಆದರೆ ಗುಂಡು ಅದೇ ಇದ್ದು ತೂಕ ಇಳಿದರೆ ಹಿಮ್ಮುಖ ಒದೆತ ಜೋರಾಗುತ್ತದೆ, ಆ ಒದೆತವನ್ನು ತಾಳಬೇಕಾದದ್ದು ಕೈ. ಚೀಲಕ್ಕೆ ಸುಖವಾದದ್ದು ಅಂಗೈಗೂ ಸುಖ ಎನ್ನುವುದು ಮಾರುವವರ ತರ್ಕ.

ಹಿಡಿಕೆ ಕೈಗೆ ಹೊಂದುವುದಕ್ಕೂ ಹೊಂದದಿರುವುದಕ್ಕೂ ಇರುವ ವ್ಯತ್ಯಾಸ ಅತ್ಯಂತ ಸ್ಪಷ್ಟವಾಗಿ ಕಾಣುವುದು 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್. ಪಿಸ್ತೂಲಿನ ಹಿಂದಿನ ಸೈಟ್‌ಗೂ ಮುಂದಿನ ಸೈಟ್‌ಗೂ ಸುಮಾರು 35 ಸೆಂಟಿಮೀಟರ್ ಅಂತರ ಎಂದುಕೊಳ್ಳಿ. ಟ್ರಿಗರ್ ಎಳೆಯುವಾಗ ಮುಂದಿನ ಸೈಟ್ ಒಂದೇ ಒಂದು ಮಿಲಿಮೀಟರ್ ವಾಲಿದರೆ ಗುರಿಹಲಗೆಯಲ್ಲಿ ಪೆಲೆಟ್ ಸುಮಾರು 28 ಮಿಲಿಮೀಟರ್ ಆಚೆ ಬೀಳುತ್ತದೆ. ಹಿಡಿಕೆ ದಪ್ಪವಾಗಿದ್ದರೆ ತೋರುಬೆರಳಿನ ತುದಿ ಮಾತ್ರ ಟ್ರಿಗರಿಗೆ ತಾಗಿ, ಎಳೆತ ನೇರ ಹಿಂದಕ್ಕೆ ಬರದೆ ಪಕ್ಕಕ್ಕೆ ತಳ್ಳುತ್ತದೆ. ಪಂದ್ಯದಲ್ಲಿ ಇಂಥ ಅರವತ್ತು ಗುಂಡು ಹೊಡೆಯಬೇಕು, ಅದೂ ಒಂದೇ ಕೈಯಲ್ಲಿ.

ಆದ್ದರಿಂದಲೇ ನುರಿತ ಶೂಟರ್‌ಗಳು ಮರದ ಹಿಡಿಕೆಯನ್ನು ಬಂದಂತೆಯೇ ಬಳಸುವುದು ಅಪರೂಪ. ಅಂಗೈ ಒತ್ತುವಲ್ಲಿ ಅರ ಹಾಕಿ ಉಜ್ಜುತ್ತಾರೆ, ಸಂದು ಉಳಿದಲ್ಲಿ ಪುಟ್ಟಿ ತುಂಬುತ್ತಾರೆ, ಕೆಳಗಿನ ಆಸರೆ ಹಲಗೆಯನ್ನು ಏರಿಳಿಸುತ್ತಾರೆ. ನಿಯಮವೂ ಇದನ್ನು ಒಪ್ಪುತ್ತದೆ. ಹಿಡಿಕೆ ಮಣಿಕಟ್ಟಿಗೆ ಆಸರೆ ಕೊಡಬಾರದು, ಪಿಸ್ತೂಲು ಒಂದೂವರೆ ಕಿಲೋ ಮೀರಬಾರದು, ನಿಗದಿತ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಹೀಗೆ ಹೊಂದಿಸಿದ ಹಿಡಿಕೆ ಮೊದಲ ದಿನ ಬಿಗಿ ಅನ್ನಿಸುವುದುಂಟು. ಅಂಗಡಿಯಲ್ಲಿ ಅರ್ಧ ನಿಮಿಷ ಹಿಡಿದಾಗ ಮೆತ್ತಗೆ ಅನ್ನಿಸಿದ್ದು ನಲವತ್ತನೆಯ ಗುಂಡಿನ ಹೊತ್ತಿಗೆ ಜಾರತೊಡಗಬಹುದು. ಹಿತ ಎಂದರೆ ಮೃದುತ್ವವಲ್ಲ, ಪ್ರತಿ ಸಲವೂ ಕೈ ಅದೇ ಜಾಗಕ್ಕೆ ಬಂದು ಕೂರುವುದು.

2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ದಿವ್ಯಾ ಟಿ.ಎಸ್. ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು. ಮರುವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದರು. ಅವರನ್ನು ನೋಡಿ ರೇಂಜಿಗೆ ಬರುವ ಹನ್ನೆರಡು ವರ್ಷದ ಹುಡುಗಿಯ ಕೈಗೆ ದೊಡ್ಡವರ ಅಳತೆಯ ಪಿಸ್ತೂಲು ಕೊಡುವುದು, ಅಪ್ಪನ ಚಪ್ಪಲಿ ತೊಡಿಸಿ ಓಟಕ್ಕೆ ನಿಲ್ಲಿಸಿದಂತೆ. ಗುರಿ ತಪ್ಪಿದಾಗ ಬೈಗುಳ ಮಾತ್ರ ಹುಡುಗಿಗೆ!

ಕ್ಲಬ್‌ಗಳು ಮತ್ತೊಂದು ದುಬಾರಿ ಪಿಸ್ತೂಲು ತರಿಸುವ ಮುಂಚೆ, ಇರುವ ಪಿಸ್ತೂಲುಗಳಿಗೇ ಸಣ್ಣ ಅಳತೆಯ, ಎಡಗೈಯವರ ಹಿಡಿಕೆಗಳನ್ನು ತರಿಸಲಿ. ಮಕ್ಕಳಿಗೆ ಪಿಸ್ತೂಲು ಕೊಡಿಸಲು ಹೊರಟ ಪೋಷಕರು ಕಂಪನಿಯ ಹೆಸರನ್ನು ಆಮೇಲೆ ಕೇಳಲಿ, ಹಿಡಿಕೆಯ ಅಳತೆಯನ್ನು ಮೊದಲು ಕೇಳಲಿ.