ಸಿಂಗಾಪುರದ ಗಾಡಿಯಂಗಡಿ, ಉರ್ವದ ಬಸಳೆ ಬುಟ್ಟಿ

ನಿವೃತ್ತಿಯ ಬಳಿಕ ಮಗಳ ಒತ್ತಾಯಕ್ಕೆ ಮಣಿದು ಹದಿನೈದು ದಿನ ಸಿಂಗಾಪುರದಲ್ಲಿದ್ದು ಬಂದೆ. ಊರಿಗೆ ಮರಳಿದ ಮೇಲೆ ಕಂಡವರೆಲ್ಲರದೂ ಒಂದೇ ಪ್ರಶ್ನೆ: "ಏನೇನು ನೋಡಿದಿರಿ, ಏನೇನು ತಂದಿರಿ ಮಾಷ್ಟ್ರೇ?"

ನೋಡಿದ್ದನ್ನು ಹೇಳುವುದು ಸುಲಭ. ಬಾಯಿಂದ ನೀರು ಚಿಮ್ಮಿಸುವ ಸಿಂಹಮುಖದ ಮತ್ಸ್ಯ, ಮೂರು ಕಟ್ಟಡಗಳ ನೆತ್ತಿಯ ಮೇಲೆ ಹಡಗನ್ನಿಟ್ಟಂತೆ ತೋರುವ ಮರೀನಾ ಬೇ ಸ್ಯಾಂಡ್ಸ್, 1859ರಲ್ಲಿ ಸ್ಥಾಪನೆಯಾಗಿ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಸಸ್ಯೋದ್ಯಾನ. ಆರ್ಚರ್ಡ್ ರಸ್ತೆಯ ಮಾಲುಗಳಲ್ಲಿ ಬೆಲೆ ನೋಡಿ ಕೈ ಹಿಂದೆಗೆದೆ. ಒಂದು ಕಾಲಕ್ಕೆ ಅಲ್ಲಿ ಜಾಯಿಕಾಯಿ ತೋಟಗಳಿದ್ದವಂತೆ; ರಸ್ತೆಯ ಹೆಸರಿನಲ್ಲಿ ಮಾತ್ರ ಈಗ ತೋಟ ಉಳಿದಿದೆ.

ಆದರೆ ನನ್ನ ಮನಸ್ಸು ನಿಂತದ್ದು ಲಿಟ್ಲ್ ಇಂಡಿಯಾದ ಟೆಕ್ಕಾ ಮಾರುಕಟ್ಟೆಯಲ್ಲಿ. ಕೆಳಗಡೆ ತರಕಾರಿ, ಮೀನು, ಮಾಂಸ. ಪಕ್ಕದಲ್ಲೇ ಸಾಲು ಸಾಲು ತಿಂಡಿಯಂಗಡಿಗಳು. ಮೇಲಿನ ಮಹಡಿಯಲ್ಲಿ ಸೀರೆ, ಬಟ್ಟೆ. ನಮ್ಮ ಪರೋಟದ ಸೋದರಸಂಬಂಧಿಯಾದ 'ಪ್ರಾಟಾ'ವನ್ನು ಸಾರಿನಲ್ಲಿ ಅದ್ದಿ ತಿಂದೆವು. ಇನ್ನೊಂದೆಡೆ ತೆಂಗಿನ ಹಾಲು, ಮೊಟ್ಟೆ, ಸಕ್ಕರೆ ಸೇರಿಸಿ ಕಾಯಿಸಿದ 'ಕಾಯ'ವನ್ನು ಸುಟ್ಟ ಬ್ರೆಡ್ಡಿಗೆ ಸವರಿ ಕೊಟ್ಟರು. ನಮಗೆ ಕಾಯಿ ಎಂದರೆ ತೆಂಗು. ಮಲಯ ಭಾಷೆಯಲ್ಲಿ 'ಕಾಯ' ಎಂದರೆ ಶ್ರೀಮಂತ. ತೆಂಗಿನ ನಾಡಿನವನಾದ ನನಗೆ ಈ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಇಂತಹ ತಾಣಗಳನ್ನು ಅಲ್ಲಿ 'ಹಾಕರ್ ಸೆಂಟರ್' ಎನ್ನುತ್ತಾರೆ. ದೇಶದಲ್ಲಿ ನೂರಕ್ಕೂ ಹೆಚ್ಚು ಇವೆ. ಇವುಗಳ ಮೂಲ ಬೀದಿಯಲ್ಲಿದೆ. 1968-69ರಲ್ಲಿ ಸರಕಾರ ಬೀದಿಬದಿಯ ಸುಮಾರು 18,000 ವ್ಯಾಪಾರಿಗಳನ್ನು ನೋಂದಾಯಿಸಿತು. ಅನಂತರ 1971ರಿಂದ 1986ರ ವರೆಗೆ ನಲ್ಲಿ ನೀರು, ಚರಂಡಿ, ಸೂರು ಇರುವ ಕಟ್ಟಡಗಳನ್ನು ಕಟ್ಟಿ ಅವರನ್ನು ಅಲ್ಲಿಗೆ ಸೇರಿಸಿತು. ಮೊದಲು ಎಣಿಕೆ, ಆಮೇಲೆ ಜಾಗ, ಕೊನೆಗೆ ಸ್ಥಳಾಂತರ. ಈ ಕ್ರಮವೇ ಮುಖ್ಯ. 2020ರಲ್ಲಿ ಯುನೆಸ್ಕೊ ಈ ಆಹಾರ ಸಂಸ್ಕೃತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಎಲ್ಲವೂ ಚೆನ್ನವೆಂದು ನಾನು ಹೇಳುತ್ತಿಲ್ಲ. ಅಂಗಡಿಯವರಿಗೆ ವಯಸ್ಸಾಗುತ್ತಿದೆ, ಒಲೆಯ ಮುಂದೆ ನಿಲ್ಲಲು ಮಕ್ಕಳು ಒಪ್ಪುತ್ತಿಲ್ಲ.

ಈಗ ಉರ್ವದ ಮಾತು. ಮಾರುಕಟ್ಟೆಯ ಸಮೀಪ ರಸ್ತೆಯಂಚಿನಲ್ಲಿ ಬುಟ್ಟಿಯಿಟ್ಟು ಬಸಳೆ, ಹರಿವೆ ಮಾರುತ್ತಿದ್ದ ಹೆಂಗಸೊಬ್ಬರಿದ್ದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಕೆಲವು ವರ್ಷಗಳ ಹಿಂದೆ, ನಡೆಯುವವರಿಗೆ ತೊಂದರೆಯಾಗುತ್ತದೆ, ಇವರನ್ನು ತೆರವುಗೊಳಿಸಬೇಕು ಎಂಬ ಮನವಿ ಬಂದಾಗ ನಾನೂ ಸಹಿ ಹಾಕಿದ್ದೆ. ಶಿಸ್ತು ಕಲಿಸಿದ ಮೇಷ್ಟರ ಕೈ, ತಡೆಯಲಿಲ್ಲ. ಒಂದು ಬೆಳಿಗ್ಗೆ ಬುಟ್ಟಿ ಮಾಯವಾಗಿತ್ತು. ಆಮೇಲೊಮ್ಮೆ ದಾರಿಯಲ್ಲಿ ಸಿಕ್ಕಾಗ, "ಬಸಳೆ ಈಗ ಎಲ್ಲಿಂದ ತರುತ್ತೀರಿ ಮಾಷ್ಟ್ರೇ?" ಎಂದು ಅವರೇ ಅಕ್ಕರೆಯಿಂದ ಕೇಳಿದರು. ನನ್ನ ಸಹಿಯ ವಿಷಯ ಅವರಿಗೆ ತಿಳಿದಿರಲಿಲ್ಲ. ನಾನೂ ಹೇಳಲಿಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಮೊದಲು ಸಮೀಕ್ಷೆಯಾಗಬೇಕು. ಅದು ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಅದಾಗಿ ಹತ್ತು ವರ್ಷಕ್ಕೆ, 2024ರಲ್ಲಿ, ಮಂಗಳೂರಿನ ಬೀದಿಗಳಲ್ಲಿ ತೆರವು ಕಾರ್ಯಾಚರಣೆ ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಕಾಲುದಾರಿ ನಡೆಯುವವರದು ಎಂಬುದು ನಿಜ. ಮುದಿಕಾಲಿನವನಾದ ನನಗೂ ಅದು ಬೇಕು. ಆದರೆ ಹಸಿವಿನ ಲೆಕ್ಕವನ್ನು ಬಿಟ್ಟು ಶಿಸ್ತಿನ ಲೆಕ್ಕವನ್ನಷ್ಟೇ ಬಿಡಿಸಿದರೆ ಉತ್ತರ ತಪ್ಪುತ್ತದೆ.

ವಿದೇಶಕ್ಕೆ ಹೋಗಿ ಬಂದ ನಾವು ಅಲ್ಲಿನ ಮಾಲು, ಗೋಪುರಗಳನ್ನು ಇಲ್ಲಿಯೂ ಬಯಸುತ್ತೇವೆ. ನಾನು ಬಯಸುವುದು ಅಷ್ಟು ದೊಡ್ಡದಲ್ಲ. ಗಿರಾಕಿಗಳು ನಡೆದು ಹೋಗುವ ದಾರಿಯಲ್ಲೇ ಒಂದು ಸೂರು, ಒಂದು ನಲ್ಲಿ, ಒಂದು ಚರಂಡಿ, ಬಾಡಿಗೆ ಬುಟ್ಟಿಯ ಗಳಿಕೆಗೆ ತಕ್ಕಷ್ಟು. ಅದಕ್ಕಾಗಿ ಮನವಿಯೊಂದನ್ನು ಈಗ ನಾನೇ ಬರೆದಿದ್ದೇನೆ. ಮೊದಲ ಸಹಿ ನನ್ನದು. ಅದಕ್ಕಿಂತ ಮೊದಲು ಆ ತಾಯಿಯ ಮನೆಗೆ ಹೋಗಿ ಹಳೆಯ ಸಹಿಯ ವಿಷಯ ಹೇಳಿ ಬರಬೇಕಾಗಿದೆ.