ಪರದೇಶದ ಲೈಸೆನ್ಸೂ ನಮ್ಮ ರಸ್ತೆಯೂ

ಅಮೆರಿಕೆಯಿಂದ ರಜೆಗೆ ಬಂದ ಮಗನು, ತಂಗಿಯನ್ನು ಚಾಲಕನ ಆಸನದಲ್ಲಿ ಕುಳ್ಳಿರಿಸಿ, ದಾವಣಗೆರೆಯಿಂದ ಹರಿಹರದವರೆಗೆ ಹಳೆಯ ಪಿ. ಬಿ. ರಸ್ತೆಯಲ್ಲಿ ಮೋಟಾರು ನಡೆಸುವುದನ್ನು ಕಲಿಸಹೊರಟನೆನ್ನೋಣ. ತಂಗಿಗೆ ಕಲಿಕಾ ಲೈಸೆನ್ಸುಂಟು, ಅಣ್ಣನಿಗೆ ಪರದೇಶದ ಲೈಸೆನ್ಸುಂಟು. ಇನ್ನೇನು ಕೊರತೆಯೆಂದು ಹೆತ್ತವರು ಕೇಳಬಹುದು. ಕೊರತೆಯುಂಟು.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೂರನೆಯದು ಹೇಳುವುದೇನೆಂದರೆ: ಕಲಿಯುವವರ ಜೊತೆಗೆ, ಆ ಬಗೆಯ ವಾಹನ ನಡೆಸಲು ಊರ್ಜಿತ ಲೈಸೆನ್ಸುಳ್ಳವರೊಬ್ಬರು, ವಾಹನವನ್ನು ಹತೋಟಿಯಲ್ಲಿಡಲು ಇಲ್ಲವೆ ನಿಲ್ಲಿಸಲು ಅನುಕೂಲವಾಗುವಂತೆ ಕುಳಿತಿರತಕ್ಕದ್ದು; ಹಿಂದೆಯೂ ಮುಂದೆಯೂ ಬಿಳಿಯ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರವಿರತಕ್ಕದ್ದು. ಲೈಸೆನ್ಸೆಂದರೆ ಆ ಕಾಯಿದೆಯ ಎರಡನೆಯ ಅಧ್ಯಾಯದ ಮೇರೆಗೆ ಅಧಿಕಾರಿಯು ಕೊಟ್ಟದ್ದೆಂದು 1988ರ ಮೋಟಾರು ವಾಹನ ಕಾಯಿದೆಯೇ ಅರ್ಥ ಹೇಳಿದೆ. ಆದಕಾರಣ, ಬರಿಯ ಪರದೇಶದ ಲೈಸೆನ್ಸು ಗುರುಸ್ಥಾನಕ್ಕೆ ಸಾಲದು.

ಇದು ಕೇವಲ ಕಾಗದದ ಹಟವಲ್ಲ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ನಡೆಯುತ್ತವೆ, ಇಲ್ಲಿ ಎಡಕ್ಕೆ. ಗಾಬರಿಯ ಗಳಿಗೆಯಲ್ಲಿ ಬಾಯಿಗೆ ಬರುವ ಮಾತು ಅಭ್ಯಾಸದ ಮಾತೇ. ಅಣ್ಣನು “ಬಲಕ್ಕೆ” ಎಂದು ಕೂಗಿ, ತಂಗಿಯು ಬಲಕ್ಕೆ ತಿರುಗಿಸಿದಳಾದರೆ, ಎದುರಿಗೆ ಬರುವ ಸೈಕಲ್ಲಿನವನ ಗತಿಯೇನು?

ಕಲಿಕಾ ಲೈಸೆನ್ಸು ಕೊಡುವಾಗಲೇ ಅಧಿಕಾರಿಗಳು ಈ ವಿಷಯವನ್ನು ತಿಳಿಗನ್ನಡದಲ್ಲಿ ತಿಳಿಸಲಿ. ಮನೆಯವರಾದರೂ ಇಲ್ಲಿಯ ಲೈಸೆನ್ಸುಳ್ಳ ಅನುಭವಿಯೊಬ್ಬರನ್ನು ಪಕ್ಕದಲ್ಲಿ ಕುಳ್ಳಿರಿಸಲಿ. ಅಣ್ಣನು ಹಿಂದಿನ ಸೀಟಿನಲ್ಲಿ ಕುಳಿತರೆ ಅವನ ಮಾನಕ್ಕೇನೂ ಕುಂದಿಲ್ಲ. ದಾರಿಹೋಕರ ಪ್ರಾಣಕ್ಕೆ ಅದರಿಂದ ರಕ್ಷೆಯುಂಟು.