ಯೆಜ್ಡಿಯ ಎಂಜಿನ್: ಬಿಚ್ಚುವುದೋ, ಬದಲಿಸುವುದೋ?

ಅಡ್ಯಾರಿನಲ್ಲಿ ನೆಲೆಸಿ ಹಳೆಯ ಯೆಜ್ಡಿಯೊಂದನ್ನು ಉಳಿಸಿಕೊಂಡಿರುವ ಕನ್ನಡಿಗನಿಗೆ, ಗಾಡಿ ಹೊಗೆ ಉಗುಳತೊಡಗಿದೊಡನೆ ದೊರೆಯುವ ಸಲಹೆ ಒಂದೇ: ಪುದುಪೇಟೆಯಿಂದ ಬೇರೊಂದು ಎಂಜಿನ್ ತಂದು ಕೂರಿಸಿ. ಹಳೆಯ ಬಿಡಿಭಾಗಗಳ ಆ ಪೇಟೆ ಇದೇ ಊರಿನಲ್ಲಿದೆ. ಸಲಹೆ ಸುಲಭವಾದುದು ನಿಜ. ಅಗ್ಗವೆಂಬುದನ್ನು ಮಾತ್ರ ನಾನು ಒಪ್ಪಲಾರೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಪೇಟೆಯಲ್ಲಿ ಸಿಗುವ ಎಂಜಿನ್ನೂ ಮುದಿಯೇ. ಅದರ ಪೂರ್ವಚರಿತ್ರೆ ಮಾರುವವನಿಗೂ ತಿಳಿಯದು. ಮೇಲಾಗಿ ನೋಂದಣಿ ಪತ್ರದ ಎಂಜಿನ್ ಸಂಖ್ಯೆ ಬದಲಾಗಿ ಸಾರಿಗೆ ಕಚೇರಿಗೆ ಅಲೆಯಬೇಕು. ಗಾಡಿ ಮೈಸೂರಿನ ನೋಂದಣಿಯದಾದರೆ ಅಲೆದಾಟ ಎರಡು ರಾಜ್ಯಗಳಿಗೆ ಹಬ್ಬಲೂಬಹುದು.

ಎರಡು ಸ್ಟ್ರೋಕಿನ ಈ ಎಂಜಿನ್ನಿನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಸಿಲಿಂಡರಿಗೆ ತಳ್ಳುವ ಪಂಪು ಕ್ರ್ಯಾಂಕ್ ಕೇಸೇ. ಅಲ್ಲಿಯ ಆಯಿಲ್ ಸೀಲ್ ಸವೆದರೆ ಗೇರುಪೆಟ್ಟಿಗೆಯ ಎಣ್ಣೆ ಒಳನುಗ್ಗಿ ದಟ್ಟ ಬಿಳಿ ಹೊಗೆ ಬರುತ್ತದೆ. ಒಂದು ರಬ್ಬರು ಬಳೆಯ ತಪ್ಪಿಗೆ ಇಡೀ ಎಂಜಿನ್ನನ್ನು ಗುಜರಿಗೆ ಹಾಕುವುದು ಯಾವ ಸೀಮೆಯ ಉಳಿತಾಯ? ಸಿಲಿಂಡರ್ ಸವೆದಿದ್ದರೆ ಬೋರ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಬಹುದು. (ಮಜ್ದಾದ ರೋಟರಿ ಎಂಜಿನ್ನಿಗೆ ಈ ಭಾಗ್ಯವಿಲ್ಲ, ಹೌಸಿಂಗಿನ ಒಳಮೈ ಆಳವಾಗಿ ಗೀರಿದರೆ ಅದನ್ನೇ ಬದಲಿಸಬೇಕು.) ಕನೆಕ್ಟಿಂಗ್ ರಾಡ್ ಸಡಿಲಗೊಂಡಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮರಳಿ ಜೋಡಿಸಿ, ಓರೆಯಿಲ್ಲದಂತೆ ಸರಿಪಡಿಸಬೇಕು. ಹಣ ಬೇಡುವ ಕೆಲಸ ಅದು, ಪಳಗಿದ ಕೈಯನ್ನೂ ಬೇಡುತ್ತದೆ.

ಆದುದರಿಂದ ಮೊದಲು ಬಿಚ್ಚಿಸಿ, ಅಳತೆ ಮಾಡಿಸಿ, ಅನಂತರ ದರ ವಿಚಾರಿಸಿ. ಕ್ರ್ಯಾಂಕ್ ಕೇಸೇ ಒಡೆದಿದ್ದರೆ, ಅಥವಾ 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಮುಳುಗಿ ಒಳಗೆಲ್ಲ ತುಕ್ಕು ತಿಂದಿದ್ದರೆ, ಪುದುಪೇಟೆಯ ದಾರಿ ಹಿಡಿಯಬಹುದು. ಆಗಲೂ ಎಂಜಿನ್ನನ್ನು ಬಿಚ್ಚಿ ತೋರಿಸಲು ಒಪ್ಪುವವನಲ್ಲಿಯೇ ಕೊಳ್ಳಿ.